ನೆರಳೂಟ ಬಡಿಸುವ ತೆರುಮಿ

ಬೆಳಗಿನ ಐದೂವರೆ. ಫೆಬ್ರವರಿಯ ಚಳಿ. ಟೋಕಿಯೋದಾಚೆಯ ಚಿಚಿಬು ಬೆಟ್ಟಗಳ ನಡುವಿನ ಒಂದು ಹಳೆಯ ಮನೆಯ ಅಡುಗೆಕೋಣೆಯಲ್ಲಿ ತೊಗಾಶಿ ತೆರುಮಿ ಅಗಲವಾದ ಮರದ ತಟ್ಟೆಯ ಮೇಲೆ ಅನ್ನ ಹರಡಿ, ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಾರೆ. ಅನ್ನ ತಣ್ಣಗಾಗಬೇಕು, ಹಬೆಯ ಸುಳಿವೂ ಉಳಿಯಬಾರದು. ಮೂವತ್ತೊಂದು ವರ್ಷಗಳಿಂದ ಅವರು ಮಾಡಿಕೊಂಡು ಬಂದಿರುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಕ್ಯಾಮೆರಾ ಓಡಲು ಶುರುವಾದಾಗ ಅನ್ನದ ಮೇಲೆ ಹಬೆ ಆಡುತ್ತಿರುವಂತೆ ನೋಡಿಕೊಳ್ಳುವುದು. ಅದಕ್ಕೇ ಇರಬೇಕು, ಬೀಸಣಿಗೆ ಹಿಡಿದ ಕೈ ಆಗಾಗ ನಿಂತುಬಿಡುತ್ತದೆ. ನಿಂತದ್ದು ಗೊತ್ತಾದ ಮೇಲೆ ಮತ್ತೆ ಬೀಸುತ್ತಾರೆ.

ತೆರುಮಿಗೆ ಅರವತ್ತೊಂಬತ್ತು. ಸಿನಿಮಾಗಳಲ್ಲಿ ಪಾತ್ರಗಳು ಉಣ್ಣುವ ಊಟವನ್ನು ಬೇಯಿಸಿ ಬಡಿಸುವುದು ಅವರ ಕಸುಬು. ಚಿತ್ರೀಕರಣದವರ ಮಾತಿನಲ್ಲಿ ಆ ಊಟಕ್ಕೆ ‘ಮಾಯವಾಗುವ ಸಾಮಾನು’ ಎಂದು ಹೆಸರು. ಕುರ್ಚಿ, ಗಡಿಯಾರ, ಕೊಡೆ ಎಲ್ಲ ಚಿತ್ರೀಕರಣ ಮುಗಿದ ಮೇಲೆ ಗೋದಾಮಿಗೆ ಹಿಂದಿರುಗುತ್ತವೆ, ಇದು ಹಿಂದಿರುಗುವುದಿಲ್ಲ. ಈ ಸಲ ಅವರು ಬಡಿಸುತ್ತಿರುವುದು ‘ನಾಲ್ಕನೆಯ ಬಟ್ಟಲು’ ಎಂಬ ಪುಟ್ಟ ಚಿತ್ರಕ್ಕೆ. ಯಾವ ಕಂಪನಿಯ ಬೆಂಬಲವೂ ಇಲ್ಲದ, ಹನ್ನೊಂದೇ ಜನ ಸೇರಿ ಹದಿಮೂರು ದಿನಗಳಲ್ಲಿ ಮುಗಿಸಬೇಕಾದ ಚಿತ್ರ. ಎಪ್ಪತ್ತರ ದಶಕದ ಆರಂಭದಲ್ಲಿ, ಓದಲು ಹೋದ ಮಗ ಕ್ರಾಂತಿಯ ಗುಂಪೊಂದನ್ನು ಸೇರಿ ಕಣ್ಮರೆಯಾಗುತ್ತಾನೆ. ಅವನ ಪರ ನಿಲ್ಲಬೇಕೋ ಬೇಡವೋ ಎಂದು ಒಂದು ಮನೆ ಒಡೆಯುತ್ತದೆ. ಕಥೆ ಇಷ್ಟೇ. ಇಂದು ಹದಿಮೂರನೆಯ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಮನೆಯನ್ನು ಮಾಲೀಕರಿಗೆ ಬಿಟ್ಟುಕೊಡಬೇಕು.

ಅಡುಗೆಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಚಿತ್ರದ ಕೊನೆಯಲ್ಲಿ ತೆರೆಯ ಮೇಲೆ ಬರಬೇಕಾದ ಹೆಸರುಗಳನ್ನು ಅವರವರೇ ತಮ್ಮ ಕೈಯಾರೆ ಬರೆಯಬೇಕು ಎಂಬುದು ನಿರ್ದೇಶಕಿ ಹೊನಾಮಿಯ ಅಪ್ಪಣೆ. ಹತ್ತು ಹೆಸರುಗಳು ಬಂದಿವೆ. ‘ಊಟ’ ಎಂಬ ಪದದ ಮುಂದೆ ಮಾತ್ರ ಜಾಗ ಖಾಲಿ.

ಕ್ಯಾಮೆರಾಮನ್ ಕುಜೆ ಕೈ ಉಜ್ಜುತ್ತ ಒಳಗೆ ಬರುತ್ತಾರೆ. ಹಾಳೆಯನ್ನೂ ತೆರುಮಿಯನ್ನೂ ನೋಡುತ್ತಾರೆ.

“ತೆರುಮಿಸಾನ್, ಇವತ್ತೇ ಕೊನೆ. ನೀವು ಬರೀಲಿಲ್ಲಾಂದ್ರೆ ‘ಊಟ: ಒಂದು ದೆವ್ವ’ ಅಂತ ನಾನೇ ಬರೆದುಬಿಡ್ತೀನಿ.”

“ಬರೀರಿ. ಹದಿಮೂರು ದಿನ ಆ ದೆವ್ವದ ಕೈಯಡುಗೇನ ಎರಡೆರಡು ಸಲ ಹಾಕಿಸ್ಕೊಂಡು ತಿಂದೋರು ನೀವೇ ತಾನೆ?”

“ಎರಡಲ್ಲ, ಮೂರು. ನಿನ್ನೆ ಕೆಸುವಿನ ಗೆಡ್ಡೆ ಸಾರು ಮೂರು ಸಲ.”

“ಅದಕ್ಕೇ ಕ್ಯಾಮೆರಾ ಒಂದು ಕಡೆ ವಾಲ್ತಿತ್ತು,” ಎನ್ನುತ್ತಾರೆ ತೆರುಮಿ. ಕುಜೆ ನಗುತ್ತ, ಬಿಸಿ ಚಹಾದ ಲೋಟ ಹಿಡಿದು ಹೊರಗೆ ಹೋಗುತ್ತಾರೆ. ಅವರು ಹೋದ ಮೇಲೂ ತೆರುಮಿ ಹಾಳೆಯ ಕಡೆ ತಿರುಗುವುದಿಲ್ಲ.

ಮೂವತ್ತೊಂದು ವರ್ಷಗಳಲ್ಲಿ ಅವರ ಹೆಸರು ಒಮ್ಮೆಯೂ ತೆರೆಯ ಮೇಲೆ ಬಂದಿಲ್ಲ. ದೊಡ್ಡ ಚಿತ್ರಗಳಲ್ಲಿ ಸಾಮಾನು ಒದಗಿಸುವ ಸಂಸ್ಥೆಯ ಹೆಸರಿನಡಿ ಎಲ್ಲರೂ ಮುಚ್ಚಿಹೋಗುತ್ತಾರೆ, ಯಾರೂ ಕೇಳುವುದಿಲ್ಲ. ಕೇಳಿದ ಎರಡು ಮೂರು ಸಲ ಅವರೇ ಬೇಡವೆಂದಿದ್ದಾರೆ. ಸಂಕೋಚದ ಹೆಂಗಸು ಎಂದುಕೊಂಡು ಜನ ಸುಮ್ಮನಾಗಿದ್ದಾರೆ. ಸಂಕೋಚವಲ್ಲ. ಬರೆಯಲು ಅವರ ಬಳಿ ಎರಡು ಹೆಸರುಗಳಿವೆ. ಒಂದನ್ನು ಬರೆದು ಪ್ರಯೋಜನವಿಲ್ಲ. ಇನ್ನೊಂದನ್ನು ಬಾಯಿಂದ ಆಚೆ ಬಿಡುವುದಿಲ್ಲ ಎಂದು ಹದಿನೆಂಟನೆಯ ವಯಸ್ಸಿನಲ್ಲಿ ತಂದೆಗೆ ಮಾತು ಕೊಟ್ಟಿದ್ದಾರೆ.

ಶಾಲೆಯೊಂದರ ಅಡುಗೆಮನೆಯಲ್ಲಿ ಹದಿನೇಳು ವರ್ಷ ಕೆಲಸ ಮಾಡಿ, ಮೂವತ್ತೆಂಟರಲ್ಲಿ ತೆರುಮಿ ಈ ಕಸುಬಿಗೆ ಬಂದರು. ಮುನ್ನೂರು ಮಕ್ಕಳಿಗೆ ಒಂದೇ ಹೊತ್ತಿಗೆ ಬಡಿಸಿದವರಿಗೆ ನಾಲ್ಕು ಜನ ನಟರಿಗೆ ಬಡಿಸುವುದು ಏನು ಮಹಾ ಎಂದುಕೊಂಡಿದ್ದರಂತೆ. ಆಮೇಲೆ ಗೊತ್ತಾಯಿತು, ಆ ನಾಲ್ಕು ಜನಕ್ಕೆ ಒಂದೇ ಊಟವನ್ನು ಹತ್ತು ಸಲ ಬಡಿಸಬೇಕು, ಹತ್ತು ಸಲವೂ ಅದು ಮೊದಲನೆಯ ಊಟದಂತಿರಬೇಕು. ಈ ಚಿತ್ರದಲ್ಲಿ ತಂದೆ ಮಗನ ಜಗಳದ ದೃಶ್ಯ ಹನ್ನೊಂದು ಟೇಕ್ ತೆಗೆದುಕೊಂಡಿತು. ನಲವತ್ತನಾಲ್ಕು ಬಟ್ಟಲು ಅನ್ನ, ನಲವತ್ತನಾಲ್ಕು ಬಟ್ಟಲು ಮಿಸೊ ಸಾರು, ಮೂವತ್ತನಾಲ್ಕು ತುಂಡು ಸುಟ್ಟ ಮೀನು. ಮೀನು ಮೂವತ್ತನಾಲ್ಕೇ ಯಾಕೆಂದರೆ, ಮಗನ ಪಾತ್ರದವನು ಆ ಜಗಳದಲ್ಲಿ ಮೀನು ಮುಟ್ಟುವುದಿಲ್ಲ. ಅವನ ಒಂದೇ ತುಂಡನ್ನು ಹನ್ನೊಂದು ಸಲವೂ ಹಾಗೇ ಇಡಲಾಯಿತು.

ಯಾರು ಯಾವ ಮಾತಿಗೆ ಎಷ್ಟು ತುತ್ತು ತಿಂದರು, ಬಟ್ಟಲಲ್ಲಿ ಎಷ್ಟು ಉಳಿಯಿತು, ಉಪ್ಪಿನಕಾಯಿಯ ಯಾವ ತುದಿ ಕಚ್ಚಿದ್ದರು, ಎಲ್ಲವನ್ನೂ ತೆರುಮಿ ಏಪ್ರನ್ನಿನ ಜೇಬಿನಲ್ಲಿರುವ ಪುಟ್ಟ ಪುಸ್ತಕದಲ್ಲಿ ಚಿತ್ರ ಬರೆದು ಇಟ್ಟುಕೊಳ್ಳುತ್ತಾರೆ. ಈ ಕೆಲಸ ಮಾಡುವ ಬೇರೆಯವರು ನೀರಲ್ಲಿ ನೆನೆಸಿದ ಹತ್ತಿಯುಂಡೆಯನ್ನು ಬಿಸಿಮಾಡಿ ಅನ್ನದ ಹಿಂದೆ ಬಚ್ಚಿಟ್ಟು ಹಬೆ ಎಬ್ಬಿಸುವುದುಂಟು. ತೆರುಮಿ ಮಾಡುವುದಿಲ್ಲ. “ತಿನ್ನೋನಿಗೆ ಗೊತ್ತಾಗುತ್ತೆ,” ಎನ್ನುತ್ತಾರೆ. “ತಣ್ಣಗಿರೋ ಅನ್ನ ಬಾಯಿಗಿಟ್ಕೊಂಡು ಬಿಸಿ ಅನ್ನ ತಿಂದೋನ ಥರ ಮುಖ ಮಾಡೋಕೆ ದೊಡ್ಡ ದೊಡ್ಡ ನಟರಿಗೂ ಬರಲ್ಲ. ಹೊಟ್ಟೆ ಮಾತು ಕೇಳಲ್ಲ.”

ಹೊನಾಮಿ ಈ ಚಿತ್ರದ ಕಥೆ ಕಳಿಸಿದಾಗ ತೆರುಮಿ ಆಗುವುದಿಲ್ಲ ಎಂದು ಪತ್ರ ಬರೆದಿಟ್ಟಿದ್ದರು. ಪತ್ರ ಎರಡು ದಿನ ಮೇಜಿನ ಮೇಲೇ ಇತ್ತು. ಕಥೆಯಲ್ಲಿ ತಾಯಿ ಪ್ರತಿ ಬೆಳಿಗ್ಗೆ, ಮನೆಯಲ್ಲಿಲ್ಲದ ಮಗನ ಹೆಸರಿನಲ್ಲಿ ಒಂದು ನೆರಳೂಟ ಬಡಿಸಿಡುತ್ತಾಳೆ. ಯುದ್ಧಕ್ಕೆ ಹೋದವರಿಗೆ, ಮೀನು ಹಿಡಿಯಲು ದೂರದ ಕಡಲಿಗೆ ಹೋದವರಿಗೆ ಮನೆಗಳಲ್ಲಿ ಹೀಗೆ ಬಡಿಸುತ್ತಿದ್ದ ಕಾಲವಿತ್ತು. ಹೋದವನು ಎಲ್ಲೇ ಇರಲಿ, ಹಸಿದಿರಬಾರದು ಎಂದು. ಸ್ವಲ್ಪ ಹೊತ್ತಿನ ನಂತರ ಅನ್ನದ ಬಟ್ಟಲಿನ ಮುಚ್ಚಳ ತೆಗೆದು ಒಳಮೈ ನೋಡುತ್ತಾರೆ. ನೀರ ಹನಿ ಕೂತಿದ್ದರೆ ಆಸಾಮಿ ಕ್ಷೇಮ. ಒಣಗಿದ್ದರೆ ಮನೆಯವರ ಮುಖವೂ ಒಣಗುತ್ತದೆ.

“ನಾನು ಒಲ್ಲೆ ಅಂದ್ರೆ ಬೇರೆ ಯಾರೋ ಬರ್ತಾರೆ. ಅವರು ಅದನ್ನ ಹೇಗೆ ಇಡ್ತಾರೋ ಅಂತ ಭಯ ಆಯ್ತು,” ಎನ್ನುತ್ತಾರೆ ತೆರುಮಿ. “ಸತ್ತೋರಿಗೆ ಇಟ್ಟ ಹಾಗೆ ಅನ್ನ ಗೋಪುರ ಮಾಡಿ, ಊಟದ ಕಡ್ಡಿ ನೆಟ್ಟುಬಿಟ್ರೆ? ಈಗಿನವರಿಗೆ ಏನು ಗೊತ್ತು?” ಹಾಗೆ ಆ ಪತ್ರವನ್ನು ಅವರು ಅಂಚೆಗೆ ಹಾಕಲಿಲ್ಲ.

ಅವರಿಗೆ ಹೇಗೆ ಗೊತ್ತು ಎಂಬುದನ್ನು ಚಿತ್ರತಂಡದಲ್ಲಿ ಯಾರೂ ಕೇಳಲಿಲ್ಲ. ವಯಸ್ಸಾದವರಿಗೆ ಇಂಥದ್ದು ಗೊತ್ತಿರುತ್ತದೆ ಎಂದುಕೊಂಡರು.

ಯಮಗತಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ ತೆರುಮಿಯ ತಂದೆ ಅಂಚೆ ಕಚೇರಿಯಲ್ಲಿದ್ದರು. ಅಣ್ಣ ಶೋಗೊ ಆರು ವರ್ಷ ದೊಡ್ಡವನು. ಓದಲು ಟೋಕಿಯೋಗೆ ಹೋದ. ಮೊದಲ ವರ್ಷದ ರಜೆಗೆ ಬಂದಾಗ ತಂಗಿಗೆ ಗಣಿತ ಹೇಳಿಕೊಟ್ಟ. ಎರಡನೆಯ ವರ್ಷ ಬಂದಾಗ ಊಟದ ಮೇಜಿನ ಮುಂದೆ ತಂದೆಯನ್ನು ‘ಸರ್ಕಾರದ ಚೀಲ ಹೊರುವವರು’ ಎಂದ. ಮೂರನೆಯ ವರ್ಷ ಬರಲಿಲ್ಲ. ನಾಲ್ಕನೆಯ ವರ್ಷದ ಶರತ್ಕಾಲದಲ್ಲಿ ಟೋಕಿಯೋದ ಒಂದು ಪೊಲೀಸ್ ಚೌಕಿಯಲ್ಲಿ ಬಾಂಬ್ ಸಿಡಿಯಿತು. ಇಪ್ಪತ್ತಮೂರು ವರ್ಷದ ಪೇದೆಯೊಬ್ಬರ ಬಲಗಣ್ಣು ಹೋಯಿತು. ಪತ್ರಿಕೆಯಲ್ಲಿ ಬಂದ ನಾಲ್ಕು ಹೆಸರುಗಳಲ್ಲಿ ಒಂದು ಶೋಗೊನದು.

“ಅಣ್ಣ ಒಳ್ಳೆಯವನು ಅಂತ ನಾನು ಹೇಳಲ್ಲ,” ಎನ್ನುತ್ತಾರೆ ತೆರುಮಿ. ಮಾತನ್ನು ತೂಗಿ ತೂಗಿ ಆಡುತ್ತಾರೆ. “ಆ ಪೇದೆಗೂ ಅಮ್ಮ ಇದ್ದರು, ತಂಗಿ ಇದ್ದಿರಬಹುದು. ನನಗೆ ಗೊತ್ತಿರೋದು ಇಷ್ಟೇ. ಅವನಿಗೆ ಪುಟ್ಟ ಬದನೆಕಾಯಿ ಉಪ್ಪಿನಕಾಯಿ ಅಂದ್ರೆ ಪ್ರಾಣ. ಎರಡು ಬಟ್ಟಲು ಅನ್ನ ತಿಂದ ಮೇಲೂ ಮುಖ ಸಣ್ಣಗೆ ಮಾಡ್ಕೊಂಡು ಕೂತಿರ್ತಿದ್ದ, ಯಾರಾದ್ರೂ ಮೂರನೇದು ಹಾಕ್ಲಿ ಅಂತ.”

ಆ ಡಿಸೆಂಬರಿನ ಒಂದು ಮಧ್ಯಾಹ್ನ, ಹಿಮ ಬೀಳುತ್ತಿದ್ದಾಗ, ಶೋಗೊ ಹಿತ್ತಲ ಬಾಗಿಲಿನಿಂದ ಬಂದ. ತಂದೆ ಕಚೇರಿಯಲ್ಲಿದ್ದರು. ತಾಯಿ ಬಡಿಸಿದರು, ತೆರುಮಿ ಅನ್ನದುಂಡೆ ಕಟ್ಟಿಕೊಟ್ಟಳು. ಅರ್ಧ ಗಂಟೆಯಲ್ಲಿ ಅವನು ಹೋದ. ಮೂರನೆಯ ದಿನ ಪೊಲೀಸರು ಬಂದರು.

“‘ಬಂದಿದ್ನಾ?’ ಅಂತ ನನ್ನನ್ನೇ ಕೇಳಿದ್ರು. ಹದಿನಾರು ವರ್ಷದ ಹುಡುಗಿ, ಸುಳ್ಳು ಹೇಳಲ್ಲ ಅಂದ್ಕೊಂಡ್ರೋ ಏನೋ. ಬಂದಿರಲಿಲ್ಲ ಅಂದೆ. ಅಪ್ಪ ಪಕ್ಕದಲ್ಲೇ ನಿಂತಿದ್ರು. ಅವರಿಗೆ ಅಮ್ಮ ಎಲ್ಲ ಹೇಳಿಬಿಟ್ಟಿದ್ರು. ಜೀವನದಲ್ಲಿ ಒಂದು ಸುಳ್ಳೂ ಆಡಿದವರಲ್ಲ ಅಪ್ಪ. ಅವತ್ತು ಸುಮ್ಮನೆ ನಿಂತಿದ್ರು.”

ಅದಾದ ಮೇಲೆ ರೈಲು ನಿಲ್ದಾಣದಲ್ಲಿ, ಸಾರ್ವಜನಿಕ ಸ್ನಾನಗೃಹದ ಬಾಗಿಲಲ್ಲಿ ಶೋಗೊನ ಫೋಟೊ ಅಂಟಿಸಿದರು. ಮನೆಮಂದಿಯೆಲ್ಲ ಇದ್ದ ಫೋಟೊ ಒಂದರಿಂದ ಅವನ ಮುಖವನ್ನಷ್ಟೇ ಕತ್ತರಿಸಿದ್ದರು. ಭುಜದ ಪಕ್ಕದಲ್ಲಿ ಒಂದು ಕಪ್ಪು ಚೂರು ಉಳಿದುಕೊಂಡಿತ್ತು. ಅದು ತೆರುಮಿಯ ಜಡೆ. ಸ್ನಾನಕ್ಕೆ ಹೋಗುವಾಗಲೆಲ್ಲ ಅದನ್ನು ನೋಡಬೇಕಿತ್ತು.

ತಂದೆ ಕೆಲಸ ಬಿಟ್ಟರು. ಗೇಟಿನ ಮೇಲಿದ್ದ ಮನೆತನದ ಹೆಸರಿನ ಹಲಗೆಯನ್ನು ತಿರುಪು ಬಿಚ್ಚಿ ತೆಗೆದು ಸ್ನಾನದ ಒಲೆಗೆ ಹಾಕಿದರು. ವರ್ಷಕ್ಕೊಮ್ಮೆ ಟೋಕಿಯೋಗೆ ಹೋಗಿ, ಕಣ್ಣು ಕಳೆದುಕೊಂಡ ಪೇದೆಯ ಮನೆಯ ಮುಂದೆ ತಲೆಬಾಗಿ ನಿಂತು ಬರುತ್ತಿದ್ದರು. ಒಮ್ಮೆಯೂ ಆ ಬಾಗಿಲು ತೆರೆಯಲಿಲ್ಲ. ಮಗಳಿಗೆ ಹದಿನೆಂಟು ತುಂಬಿದಾಗ, ತಾಯಿಯ ಅಣ್ಣ ತೊಗಾಶಿ ಅವಳನ್ನು ಕಾಗದದ ಮೇಲೆ ದತ್ತು ತೆಗೆದುಕೊಂಡರು. ಹಳೆಯ ಹೆಸರು ಆ ಸೀಮೆ ಬಿಟ್ಟರೆ ಬೇರೆಲ್ಲೂ ಅಷ್ಟಾಗಿ ಕೇಳಿಸದ ಹೆಸರು. ಕೇಳಿದವರು ತಕ್ಷಣ ಫೋಟೊ ನೆನಪಿಸಿಕೊಳ್ಳುತ್ತಿದ್ದರು. ಅದರೊಂದಿಗೆ ಹುಡುಗಿಗೆ ಕೆಲಸವೂ ಸಿಗುವುದಿಲ್ಲ, ಗಂಡೂ ಸಿಗುವುದಿಲ್ಲ ಎಂಬುದು ದೊಡ್ಡವರ ಲೆಕ್ಕ. ಕೆಲಸ ಸಿಕ್ಕಿತು. ಮದುವೆ ಒಂದು ನಿಶ್ಚಯದವರೆಗೆ ಬಂದು, ಯಾರೋ ಯಾರಿಗೋ ಹೇಳಿ, ಮುರಿದುಬಿತ್ತು. ಎರಡನೆಯದನ್ನು ಯಾರೂ ತರಲಿಲ್ಲ, ತೆರುಮಿಯೂ ಕೇಳಲಿಲ್ಲ.

“ಶೋಗೊ ತಾನೇ ಬಂದು ಬಾಗಿಲು ತಟ್ಟೋವರೆಗೂ ಈ ಮನೆತನದ ಹೆಸರು ನಿನ್ನ ಬಾಯಿಂದ ಬರಬಾರದು,” ಎಂದು ತಂದೆ ಅಂದೇ ಮಾತು ತೆಗೆದುಕೊಂಡಿದ್ದರು. ಶೋಗೊ ಬರಲಿಲ್ಲ. ತಂದೆ ತೀರಿಕೊಂಡರು. ತಾಯಿ ಮಾತ್ರ ದಿನಾ ಬೆಳಿಗ್ಗೆ ನೆರಳೂಟ ಇಡುತ್ತಲೇ ಹೋದರು.

ತಾಯಿ ಇಡುತ್ತಿದ್ದ ಬಟ್ಟಲಿನ ಮುಚ್ಚಳ ಒಂದು ದಿನವೂ ಒಣಗಿರಲಿಲ್ಲ. ಯಾಕೆಂದು ತೆರುಮಿಗೆ ಗೊತ್ತು. ಅರಗು ಬಳಿದ ಮರದ ಬಟ್ಟಲಿಗೆ ಮೊದಲು ಕುದಿಯುವ ನೀರು ಹೊಯ್ದು, ಮುಚ್ಚಳ ಮುಚ್ಚಿ, ಇಪ್ಪತ್ತರವರೆಗೆ ಎಣಿಸಿ, ನೀರು ಚೆಲ್ಲಿ, ಅನ್ನ ಹಾಕಿ, ಅದೇ ಮುಚ್ಚಳವನ್ನು ಮತ್ತೆ ಮುಚ್ಚುವುದು. ಹನಿ ಕೂರದೆ ಎಲ್ಲಿಗೆ ಹೋಗುತ್ತದೆ? “ಅಮ್ಮ ಮೋಸ ಮಾಡ್ತಿದ್ರು. ನನಗೂ ಅದನ್ನೇ ಕಲಿಸಿದ್ರು,” ಎಂದು ತೆರುಮಿ ನಗುತ್ತಾರೆ. ತಾಯಿ ಹೋದ ಮೇಲೆ, ಇಪ್ಪತ್ತಮೂರು ವರ್ಷಗಳಿಂದ, ತಮ್ಮ ಒಂಟಿ ಕೋಣೆಯ ಮನೆಯಲ್ಲಿ ಅವರು ದಿನಾ ಎರಡು ಬಟ್ಟಲು ಬಡಿಸುತ್ತಾರೆ. ತಮ್ಮದನ್ನು ಉಣ್ಣುತ್ತಾರೆ. ಎದುರಿನದು ಆರಿದ ಮೇಲೆ ಅದನ್ನೂ ಉಣ್ಣುತ್ತಾರೆ. ನೆರಳೂಟವನ್ನು ಚೆಲ್ಲುವಂತಿಲ್ಲ. ಮಾತಾಡಲು ಯಾರೂ ಇಲ್ಲದಿದ್ದರೆ ಎರಡು ಬಟ್ಟಲು ಅನ್ನ ಮುಗಿಯುವುದಕ್ಕೆ ಹನ್ನೆರಡು ನಿಮಿಷ ಸಾಕಂತೆ.

ಇಂದಿನ ದೃಶ್ಯಕ್ಕೆ ಬೇಕಾಗಿರುವುದು ಒಣಗಿದ ಮುಚ್ಚಳ. ಮಗ ಹೋಗಿ ಇಪ್ಪತ್ತು ವರ್ಷಗಳಾಗಿವೆ. ತಾಯಿ ನೆರಳೂಟದ ಮುಚ್ಚಳ ತೆಗೆಯುತ್ತಾಳೆ. ಒಂದು ಹನಿಯೂ ಇಲ್ಲ. ಅಷ್ಟರಿಂದಲೇ ಮಗ ಸತ್ತಿದ್ದಾನೆ ಎಂದು ನೋಡುವವರಿಗೆ ತಿಳಿಯಬೇಕು. ಎರಡು ದಿನ ಮೊದಲು ಹೊನಾಮಿ ಇದನ್ನು ವಿವರಿಸಿದಾಗ ತೆರುಮಿ “ಆಯ್ತು, ತಣ್ಣನೆ ಅನ್ನ,” ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದರು.

ಏಳು ಗಂಟೆಗೆ ಪೂರ್ವದ ಕಿಟಕಿಯಿಂದ ಬೆಳಕು ಬರುತ್ತದೆ. ನಲವತ್ತು ನಿಮಿಷ ಮಾತ್ರ ಚಾಪೆಯ ಮೇಲೆ ಇರುತ್ತದೆ. ತಾಯಿಯ ಪಾತ್ರದ ಸೆರಿಜಾವಾ, ಐವತ್ತು ವರ್ಷ ರಂಗದ ಮೇಲೆ ಕಳೆದ ನಟಿ, ತಟ್ಟೆಯ ಮುಂದೆ ಮಂಡಿಯೂರಿ ಕೂರುತ್ತಾರೆ. ತೆರುಮಿ ಬಟ್ಟಲು ತಂದಿಟ್ಟು ಹಿಂದೆ ಸರಿಯುತ್ತಾರೆ. ಕ್ಯಾಮೆರಾ ಓಡುತ್ತದೆ. ಸೆರಿಜಾವಾ ಮುಚ್ಚಳ ಎತ್ತಿ ನಿಧಾನವಾಗಿ ತಿರುಗಿಸುತ್ತಾರೆ.

ಮುಚ್ಚಳದ ತುಂಬ ಹನಿ. ಒಂದು ಜಾರಿ ನಟಿಯ ಮಣಿಕಟ್ಟಿನ ಮೇಲೆ ಬೀಳುತ್ತದೆ.

“ಕಟ್,” ಎನ್ನುತ್ತಾಳೆ ಹೊನಾಮಿ.

“ಅಯ್ಯೋ, ಹುಡುಗ ಬದುಕಿಬಿಟ್ಟ!” ಎಂದು ಕುಜೆ ಕ್ಯಾಮೆರಾದ ಹಿಂದಿನಿಂದ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ತೆರುಮಿಯ ಮುಖ ನೋಡಿದವರು ನಗು ನಿಲ್ಲಿಸುತ್ತಾರೆ.

ತೆರುಮಿಗೆ ಏನಾಯಿತೆಂದು ಗೊತ್ತಿಲ್ಲ. ಅನ್ನ ತಣ್ಣಗೇ ಇದೆ. ಅಡುಗೆಕೋಣೆಗೆ ಬಂದು ನೋಡಿದರೆ, ಕೆಟಲ್ಲಿನ ಮೂತಿಯಿಂದ ಹಬೆ ಬರುತ್ತಿದೆ, ತೊಟ್ಟಿಯಲ್ಲಿ ಈಗಷ್ಟೇ ಚೆಲ್ಲಿದ ಬಿಸಿನೀರು ಹೊಗೆಯಾಡುತ್ತಿದೆ. ಕೈ ತನ್ನಷ್ಟಕ್ಕೆ ತಾನು ಬಟ್ಟಲಿಗೆ ನೀರು ಹೊಯ್ದು, ಮುಚ್ಚಿ, ಎಣಿಸಿ, ಚೆಲ್ಲಿಬಿಟ್ಟಿದೆ. ಮೂವತ್ತೊಂದು ವರ್ಷಗಳಲ್ಲಿ ಅವರಿಂದ ಹಾಳಾದ ಮೊದಲ ಟೇಕ್ ಇದು.

ಬಟ್ಟಲನ್ನೂ ಮುಚ್ಚಳವನ್ನೂ ಬಟ್ಟೆಯಿಂದ ಒರೆಸುತ್ತಾರೆ. ಇನ್ನೊಮ್ಮೆ ಒರೆಸುತ್ತಾರೆ. ತಣ್ಣನೆ ಅನ್ನ ಹಾಕಬೇಕು. ಸೌಟು ಕೈಗೆತ್ತಿಕೊಳ್ಳುವ ಬದಲು ಕೆಟಲ್ಲಿನ ಹಿಡಿ ಹಿಡಿದಿರುವುದು ಅವರ ಅರಿವಿಗೆ ಬರುತ್ತದೆ. ಹಿಡಿ ಬಿಟ್ಟು ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಸೇರಿಸಿ ನಿಂತುಬಿಡುತ್ತಾರೆ. ಹೊನಾಮಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಮೂವತ್ತಾರರ ಹೆಣ್ಣು, ಹದಿಮೂರು ದಿನಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

“ತೆರುಮಿಸಾನ್, ಬೆಳಕು ಹೋಗ್ತಿದೆ.”

“ನನ್ನ ಕೈಲಿ ಆಗ್ತಿಲ್ಲ, ನಿರ್ದೇಶಕರೇ. ಕ್ಷಮಿಸಿ. ಬೇರೆ ಯಾರಾದ್ರೂ ಇಡಿ.”

“ತಣ್ಣನೆ ಅನ್ನ ಹಾಕಿ ಮುಚ್ಚೋದು. ಅಷ್ಟೇ ತಾನೆ?”

“ಅಷ್ಟೇ. ನನಗೆ ಅದು ಬರ್ತಿಲ್ಲ.” ಕೈಗಳನ್ನು ಏಪ್ರನ್ನಿನಿಂದ ಹೊರಗೆ ತೆಗೆಯದೆಯೇ ತೆರುಮಿ ಹೇಳುತ್ತಾರೆ. “ನನಗೂ ಒಬ್ಬ ಅಣ್ಣ ಇದ್ದಾನೆ. ನಿಮ್ಮ ಕಥೆಯಲ್ಲಿರೋ ಹುಡುಗನ ಹಾಗೇ ಹೋದ. ಐವತ್ತು ವರ್ಷದ ಮೇಲಾಯ್ತು.”

ಹೊರಗೆ ಕುಜೆ ಬೆಳಕಿನ ನಿಮಿಷ ಎಣಿಸುತ್ತಿರುವುದು ಕೇಳಿಸುತ್ತದೆ. ಇಪ್ಪತ್ತಾರು, ಇಪ್ಪತ್ತೈದು.

“ಹಾಗಿದ್ರೆ ನಾನು ಬರೆದಿರೋದು ತಪ್ಪಾ?” ಎಂದು ಹೊನಾಮಿ ಕೇಳುತ್ತಾಳೆ.

“ಸಿನಿಮಾ ನಿಮ್ಮದು. ಹುಡುಗ ಸತ್ತಿದ್ದಾನೆ ಅಂದ್ರೆ ಸತ್ತಿದ್ದಾನೆ. ಅದಕ್ಕೆ ನಾನು ಏನೂ ಹೇಳಲ್ಲ. ಆದ್ರೆ ತಾಯಿ ಆದವಳು ತಣ್ಣನೆ ಅನ್ನ ಇಡಲ್ಲ. ಅವನು ಸತ್ತಿದ್ದಾನೆ ಅಂತ ಗೊತ್ತಿದ್ರೂ ಇಡಲ್ಲ. ಮುಚ್ಚಳದಲ್ಲಿ ಹನಿ ಬರೋದು ಅವನು ಇದ್ದಾನೆ ಅಂತಲ್ಲ, ನಿರ್ದೇಶಕರೇ. ಬಡಿಸಿದವಳು ಇನ್ನೂ ಇದ್ದಾಳೆ ಅಂತ.”

ಹೊನಾಮಿ ಅನ್ನದ ತಟ್ಟೆಯ ಬಳಿಗೆ ಬರುತ್ತಾಳೆ. ಅಂಗಿಯ ತೋಳು ಮಡಚಿ, ತಾನೇ ಬಟ್ಟಲಿಗೆ ತಣ್ಣನೆ ಅನ್ನ ಹಾಕಿ, ಮುಚ್ಚಿ, ಎರಡೂ ಕೈಗಳಲ್ಲಿ ಹಿಡಿದು ಹೊರಗೆ ಹೋಗುತ್ತಾಳೆ. ದೃಶ್ಯ ಒಂದೇ ಟೇಕಿನಲ್ಲಿ ಮುಗಿಯುತ್ತದೆ. ಮುಚ್ಚಳ ಒಣಗಿದೆ. ಸೆರಿಜಾವಾ ಅದನ್ನು ಮತ್ತೆ ಮುಚ್ಚಿ, ಬಟ್ಟಲನ್ನು ಅಂಗೈಗಳ ನಡುವೆ ಇಟ್ಟುಕೊಂಡು, ಬಿಸಿಮಾಡಲು ನೋಡುವವರಂತೆ ಹಾಗೇ ಕೂರುತ್ತಾರೆ. ಅದು ಕಥೆಯಲ್ಲಿ ಬರೆದಿರಲಿಲ್ಲ. ಅಡುಗೆಕೋಣೆಯ ಮಾತು ಅವರ ಕಿವಿಗೆ ಬಿದ್ದಿತ್ತೇ ಎಂದು ಆಮೇಲೆ ಯಾರೋ ಕೇಳಿದಾಗ, “ಹಳೆ ಮನೆ, ಕಾಗದದ ಬಾಗಿಲು,” ಎಂದಷ್ಟೇ ಹೇಳಿದರಂತೆ.

ಬಾಗಿಲ ಸಂದಿಯಿಂದ ತೆರುಮಿ ಇದನ್ನು ನೋಡಿದರು. ಮುಗಿದ ಕೂಡಲೇ ಹೋಗಿ ಆ ಬಟ್ಟಲನ್ನು ತಂದು, ತಣ್ಣನೆ ಅನ್ನದ ಮೇಲೆ ಬಿಸಿ ಚಹಾ ಹೊಯ್ದು, ನಿಂತಲ್ಲೇ ಉಂಡರು. “ಅದನ್ನೂ ಚೆಲ್ಲೋ ಹಾಗಿಲ್ಲ,” ಎಂದರು.

ಹತ್ತು ಗಂಟೆಯ ಹೊತ್ತಿಗೆ ಸಾಮಾನುಗಳು ವ್ಯಾನು ಸೇರಿವೆ. ಗೋಡೆಯ ಮೇಲಿನ ಹಾಳೆ ತೆಗೆಯಲು ಹೊನಾಮಿ ಬಂದಾಗ, ತೆರುಮಿ ಪೆನ್ನು ಹಿಡಿದು ಅದರ ಮುಂದೆ ನಿಂತಿದ್ದಾರೆ. ಖಾಲಿ ಜಾಗದಲ್ಲಿ ಹೆಸರು ಬಂದಿದೆ. ಅಕ್ಷರಗಳು ಚಿಕ್ಕ ಹುಡುಗಿಯ ಕೈಬರಹದಂತಿವೆ. ಹದಿನೆಂಟನೆಯ ವಯಸ್ಸಿನಿಂದ ಆ ಹೆಸರನ್ನು ಬರೆದು ಅವರಿಗೆ ಅಭ್ಯಾಸವಿಲ್ಲ.

“ಕಶಿವಕುರ ತೆರುಮಿ,” ಎಂದು ಹೊನಾಮಿ ಓದುತ್ತಾಳೆ. “ತೊಗಾಶಿ ಅಲ್ವಾ ನೀವು?”

“ಇದು ಅಪ್ಪ ಒಲೆಗೆ ಹಾಕಿದ ಹೆಸರು. ಇದನ್ನೇ ಹಾಕಿ.”

“ಖಂಡಿತ ಹಾಕ್ತೀನಿ. ಆದ್ರೆ ಒಂದು ಸಲ ಹಾಕಿದ ಮೇಲೆ ತೆಗೆಯೋಕಾಗಲ್ಲ. ಯೋಚನೆ ಮಾಡಿದ್ದೀರಾ?”

“ಹದಿಮೂರು ದಿನ ಅದನ್ನೇ ಮಾಡಿದ್ದು. ಬರೆಯೋದು ಬೇಡ ಅಂತಾನೇ ಇದ್ದೆ.” ತೆರುಮಿ ಪೆನ್ನಿನ ಮುಚ್ಚಳ ಹಾಕುತ್ತಾರೆ. “ಈಗ ನಿಮ್ಮ ಸಿನಿಮಾದಲ್ಲಿ ಹುಡುಗ ಸತ್ತ. ನನ್ನ ಅಣ್ಣ ಎಲ್ಲಾದ್ರೂ ಇದ್ದು, ಎಪ್ಪತ್ತೈದು ವರ್ಷದ ಮುದುಕ, ಇಂಥ ಕಥೆ ಅಂತ ಕೇಳಿ ಟಿಕೆಟ್ ತಗೊಂಡು ಬಂದು ಕೂತ್ರೆ? ಮನೇಲಿ ನನ್ನನ್ನ ಸತ್ತೋರ ಲೆಕ್ಕಕ್ಕೆ ಹಾಕಿಬಿಟ್ರು ಅಂದ್ಕೊಂಡು ಎದ್ದು ಹೋಗಬಾರದು. ಅದಕ್ಕೇ.”

ಅಪ್ಪನಿಗೆ ಕೊಟ್ಟ ಮಾತು ಏನಾಯಿತು ಎಂದು ಆಮೇಲೆ ಕೇಳಿದರೆ, ತೆರುಮಿಯ ಉತ್ತರ ಇಷ್ಟೇ.

“ಅಪ್ಪ ಅವತ್ತು ಪೊಲೀಸರ ಮುಂದೆ ಸುಮ್ಮನಿದ್ರಲ್ಲ. ಇವತ್ತೂ ಸುಮ್ಮನಿರ್ತಾರೆ.”

‘ನಾಲ್ಕನೆಯ ಬಟ್ಟಲು’ ಈ ಅಕ್ಟೋಬರಿನಲ್ಲಿ ಟೋಕಿಯೋದ ಪಶ್ಚಿಮಕ್ಕಿರುವ ಒಂದು ಸಣ್ಣ ಚಿತ್ರಮಂದಿರದಲ್ಲಿ ಬಿಡುಗಡೆಯಾಗಿದೆ. ಐವತ್ತನಾಲ್ಕು ಆಸನ, ದಿನಕ್ಕೆ ಒಂದೇ ಆಟ, ಮಧ್ಯಾಹ್ನ ಎರಡಕ್ಕೆ. ಎರಡು ವಾರಕ್ಕೆ ಒಪ್ಪಂದ. ಮುಂದುವರಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮೊದಲ ವಾರದಲ್ಲೇ ತೊಗಾಶಿ ಮನೆಯಿಂದ ಫೋನು ಬಂತು. ಸೋದರಮಾವನ ಮಗಳು ಹಿರೊಎ. ಹೆಸರು ತೆರೆಯ ಮೇಲೆ ಬಂದಿರುವ ಸುದ್ದಿ ಅವಳಿಗೆ ಹೇಗೋ ತಲುಪಿತ್ತು. “ಯಾಕಕ್ಕ, ನಮ್ಮಪ್ಪ ಕೊಟ್ಟ ಹೆಸರು ಅಷ್ಟು ಭಾರ ಆಯ್ತಾ ನಿನಗೆ? ಐವತ್ತು ವರ್ಷ ತಣ್ಣಗಿದ್ದದ್ದನ್ನ ಈಗ ಕೆದಕಿ ಏನು ಸಿಕ್ತು?” ತೆರುಮಿ ಕ್ಷಮೆ ಕೇಳಿದರು. ಮಾವನ ಋಣ ದೊಡ್ಡದು, ಅದಕ್ಕಾಗಿ ಕ್ಷಮೆ ಕೇಳಿದೆ ಎನ್ನುತ್ತಾರೆ. ಹೆಸರಿಗಾಗಿ ಅಲ್ಲ. ಅವರಿಗೆ ನಿಜವಾಗಿ ಅಳುಕಿರುವುದು ಬೇರೆಯವರ ಬಗ್ಗೆ. ಕಣ್ಣು ಕಳೆದುಕೊಂಡ ಆ ಪೇದೆ ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. “ಅವರ ಮನೆಯವರು ಬಂದು ಈ ಹೆಸರು ಓದಿದ್ರೆ ಅಂತ ಎದೆ ಹೊಡ್ಕೊಳ್ಳುತ್ತೆ. ಬೈದ್ರೆ ಬೈಸ್ಕೊಳ್ತೀನಿ. ಅಪ್ಪ ನಿಂತ ಹಾಗೆ ನಿಲ್ತೀನಿ.” ಅಣ್ಣನ ಮೇಲಿನ ಪ್ರಕರಣ ಈಗಲೂ ಇದೆಯೋ ಮುಚ್ಚಿದೆಯೋ ಕೇಳಲು ಅವರು ಎಂದೂ ಹೋಗಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಅದು ಅವರಿಗೆ ಬೇಡ.

ಕೆಲಸವಿಲ್ಲದ ದಿನಗಳಲ್ಲಿ ತೆರುಮಿ ಎರಡು ರೈಲು ಬದಲಿಸಿ ಆ ಚಿತ್ರಮಂದಿರಕ್ಕೆ ಹೋಗುತ್ತಾರೆ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಟಿಕೆಟ್ ಹರಿಯುವ ಕೆಲಸವನ್ನೂ ತಾನೇ ಮಾಡುವ ಮಾಲೀಕ ನೋಸೆ ಈಗ ಅವರನ್ನು ತಡೆಯುವುದಿಲ್ಲ. ಮೊದಲ ದಿನವೇ ತೆರುಮಿ ಅವರಲ್ಲಿ ಒಂದು ಬೇಡಿಕೆ ಇಟ್ಟಿದ್ದರು. ಹೆಸರುಗಳು ಪೂರ್ತಿ ಮುಗಿಯುವವರೆಗೆ ದೀಪ ಹಾಕಬೇಡಿ.

“ನಮ್ಮಲ್ಲಿ ಯಾವತ್ತೂ ಹಾಕಲ್ಲ, ತಾಯಿ,” ಎಂದರಂತೆ ನೋಸೆ. “ಆದ್ರೆ ಜನ ಎದ್ದು ಹೋಗ್ತಾರೆ. ಬಾಗಿಲಿಗೆ ಬೀಗ ಹಾಕೋಕಾಗುತ್ತಾ?”

ಹನ್ನೊಂದು ಹೆಸರುಗಳು ತೆರೆಯ ಮೇಲೆ ಒಂದೊಂದಾಗಿ ಬಂದು ಹೋಗುತ್ತವೆ. ತೆರುಮಿಯದು ಒಂಬತ್ತನೆಯದು, ಸುಮಾರು ಮೂರು ಸೆಕೆಂಡು ನಿಲ್ಲುತ್ತದೆ. ಆ ಮೂರು ಸೆಕೆಂಡು ಅವರು ತೆರೆ ನೋಡುವುದಿಲ್ಲ. ಮುಂದಿನ ಸಾಲು ಸಾಲು ತಲೆಗಳನ್ನು ನೋಡುತ್ತಾರೆ, ಎಷ್ಟು ಜನ ಇನ್ನೂ ಕೂತಿದ್ದಾರೆ ಎಂದು. ಗುರುವಾರ ಹದಿನಾಲ್ಕು ಜನ ಬಂದಿದ್ದರು, ಕೊನೆಯವರೆಗೆ ಕೂತವರು ಏಳು. ಅವರಲ್ಲಿ ಮೂವರು ಮುದುಕರು. ಒಬ್ಬರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ದೀಪ ಬಂದಾಗ ಅವರಾರೂ ಇನ್ನೂ ಎದ್ದಿರಲಿಲ್ಲ. ತೆರುಮಿ ಎಲ್ಲರಿಗಿಂತ ಮೊದಲು ಎದ್ದು, ಹಿಂತಿರುಗಿ ನೋಡದೆ ಹೊರಗೆ ಬಂದು, ನಿಲ್ದಾಣದ ಕಡೆ ನಡೆದರು. ಮುಖ ನೋಡಲು ಒಂದು ನಿಮಿಷ ಬಾಗಿಲಲ್ಲಿ ನಿಲ್ಲಬಹುದಿತ್ತಲ್ಲ ಎಂದರೆ ತಲೆಯಾಡಿಸುತ್ತಾರೆ.

“ನಾನು ಬಾಗಿಲಲ್ಲಿ ನಿಂತ್ರೆ ಅವನು ಮತ್ತೆ ಓಡಬೇಕಾಗುತ್ತೆ. ಈ ವಯಸ್ಸಲ್ಲಿ ಯಾಕೆ ಪಾಪ. ಓದಿದ್ರೆ ಸಾಕು.”